ರಂಜಾನಿನ ಬಡವ

ಪ್ರತಿ ವರ್ಷ ರಂಜಾನ್ ಬಂದರೆ ನನ್ನ ಅಣ್ಣ ಬಡವನಾಗುತ್ತಿದ್ದ. ಹಬ್ಬ ಮುಗಿದು ಶೀರ್ ಖುರ್ಮಾದ ಪಾತ್ರೆ ತೊಳೆದಿಟ್ಟ ಮೇಲೆ ಮತ್ತೆ ಸಾಹುಕಾರನಾಗುತ್ತಿದ್ದ. ಬೈಕುಲ್ಲಾದಲ್ಲಿ ಟ್ರಾಮಿನ ರಸ್ತೆಗೆ ಹತ್ತಿಕೊಂಡ ಗಲ್ಲಿಯಲ್ಲಿ ಅವನದು ತಗಡಿನ ಟ್ರಂಕು ಮಾಡುವ ಕಾರ್ಖಾನೆ, ಅದರ ಮೇಲಿನ ಮಾಳಿಗೆಯಲ್ಲಿ ಮನೆ. ಹಣೆಯ ಮೇಲೆ ನಮಾಜಿನ ಕಪ್ಪು ಗುರುತು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯನ ಹಣೆಯಲ್ಲಿ ಅದು ಹೇಗೆ ಮೂಡಿತೋ, ಅಲ್ಲಾಹನೇ ಬಲ್ಲ.

ಬಡವನಾಗುವುದು ಹೇಗೆ ಎಂದು ತಿಳಿಯಲು ಸ್ವಲ್ಪ ಧರ್ಮ ಕೇಳಬೇಕು. ಒಬ್ಬನ ಖರ್ಚು ಕಳೆದು ಉಳಿದ ಚಿನ್ನ, ನಗದು ಅವನ ಕೈಯಲ್ಲಿ ಒಂದು ಪೂರ್ತಿ ವರ್ಷ ಕೂತಿದ್ದರೆ ಅದರಲ್ಲಿ ನಲವತ್ತರಲ್ಲಿ ಒಂದು ಪಾಲು ಬಡವರದು. ಅದೇ ಜಕಾತ್. ಅದು ದಾನವಲ್ಲ, ಬಡವರ ಹಕ್ಕು. ಸಂಪತ್ತು ಉಳ್ಳವರ ನಡುವೆಯೇ ಸುತ್ತುತ್ತಿರಬಾರದು ಎನ್ನುವುದು ಇದರ ಹಿಂದಿನ ಮಾತು. ಅಣ್ಣ ಈ ಮಾತನ್ನು ಚೆನ್ನಾಗಿ ಬಲ್ಲ. ವರ್ಷ ತುಂಬುವುದಕ್ಕೆ ಸ್ವಲ್ಪ ಮೊದಲು ಇದ್ದ ಚಿನ್ನವನ್ನೆಲ್ಲ ಭಾಬಿಗೆ, ಅಂದರೆ ತನ್ನ ಹೆಂಡತಿಗೆ, ಕೊಟ್ಟುಬಿಡುತ್ತಿದ್ದ. ಹಬ್ಬ ಕಳೆದ ಮೇಲೆ ಆಕೆ ಅದನ್ನು ಅವನಿಗೇ ತಿರುಗಿ ಕೊಡಬೇಕು. ಇಬ್ಬರ ಕೈಯಲ್ಲೂ ವರ್ಷ ತುಂಬಲಿಲ್ಲ, ಜಕಾತೂ ಇಲ್ಲ. ಹೀಗೆ ನಮ್ಮ ಮನೆಯ ಸಂಪತ್ತು ತಪ್ಪದೆ ಸುತ್ತುತ್ತಿತ್ತು, ಮಂಚದ ಈ ಬದಿಯಿಂದ ಆ ಬದಿಗೆ. ಈ ಉಪಾಯಕ್ಕೆ ಹೀಲಾ ಎಂದು ಹೆಸರು. ಚಾಪೆಯ ಕೆಳಗೆ ನುಸುಳುವವರನ್ನು ಹಿಡಿಯಲು ದೇವರು ಕಾದಿದ್ದರೆ ನನ್ನ ಅಣ್ಣ ರಂಗೋಲಿಯ ಕೆಳಗೆ ನುಸುಳುತ್ತಿದ್ದ. ಅದನ್ನು ಕಲಿಸಿಕೊಟ್ಟವರು ಗಲ್ಲಿಯ ಮಸೀದಿಯ ಮೌಲ್ವಿ ಸಾಹೇಬರು.

ನಾವು ಬಿಜಾಪುರದ ಕಡೆಯವರು. ಮನೆಯಲ್ಲಿ ಆಡುವುದು ನಮ್ಮ ಊರಿನ ಉರ್ದು. ಆದರೆ ಆ ಬಿಲ್ಡಿಂಗಿನಲ್ಲಿ ಉರ್ದು ಎಲ್ಲರಿಗೂ ಬರುತ್ತಿತ್ತು. ಅದಕ್ಕೇ ನಮ್ಮ ಅಬ್ಬಾ ದುಡ್ಡಿನ ಮಾತಿಗೂ ಜಗಳಕ್ಕೂ ಕನ್ನಡವನ್ನು ಮೀಸಲಿಟ್ಟಿದ್ದರು. ಮಾಳಿಗೆಯ ಉದ್ದಕ್ಕೂ ಗ್ಯಾಲರಿ, ಗ್ಯಾಲರಿಯ ಉದ್ದಕ್ಕೂ ಕಿವಿಗಳು. ಕನ್ನಡದಲ್ಲಿ ಎಷ್ಟು ಬೈದಾಡಿದರೂ ಮಾನ ಹೋಗುತ್ತಿರಲಿಲ್ಲ. ಕಾರ್ಖಾನೆಯ ಜೊತೆಗೆ ಅಣ್ಣ ಈ ಪದ್ಧತಿಯನ್ನೂ ಉಳಿಸಿಕೊಂಡಿದ್ದ.

ಅಬ್ಬಾ ತೀರಿಕೊಂಡಾಗ ಅಮ್ಮಿ ಇರಲಿಲ್ಲ. ಇದ್ದವರು ನಾವಿಬ್ಬರೇ ಮಕ್ಕಳು, ಉಳಿದದ್ದು ಕಾರ್ಖಾನೆ ಮತ್ತು ಅವರು ಕೂಡಿಟ್ಟ ಈ ಚಿನ್ನ. ಧರ್ಮದ ಪ್ರಕಾರ ಗಂಡಿಗೆ ಎರಡು ಪಾಲು, ಹೆಣ್ಣಿಗೆ ಒಂದು. ಹೆಣ್ಣಿಗೆ ಅರ್ಧವೇ ಏಕೆ ಎಂದು ನಮ್ಮ ಧರ್ಮವನ್ನು ಬೈಯುವವರನ್ನು ಬೇಕಾದಷ್ಟು ಕಂಡಿದ್ದೇನೆ. ಆ ಅರ್ಧವನ್ನಾದರೂ ಕೈಗೆ ಕೊಟ್ಟ ಅಣ್ಣಂದಿರನ್ನು ಕಂಡದ್ದು ಕಡಿಮೆ. ನಲವತ್ತನೆಯ ದಿನದ ಊಟ ಮುಗಿದ ಮೇಲೆ, ನೆಂಟರೆಲ್ಲ ಕೂತಿರುವಾಗ, ಅಣ್ಣ ಕನ್ನಡಕ್ಕೆ ಹೊರಳಿದ.

“ತಂಗಿ, ಪಾಲು ಬೇಕೋ, ತವರಮನಿ ಬೇಕೋ? ಪಾಲು ಮಾಫ್ ಮಾಡೀನಿ ಅಂತ ಹೇಳಿಬಿಡು.”

ನಾನು ತಲೆ ತಗ್ಗಿಸಿ ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತ ಕೂತೆ. ಆಗ ಆ ಪುಣ್ಯಾತ್ಮ ನೆಂಟರ ಕಡೆ ತಿರುಗಿ, ಸುಮ್ಮನಿದ್ದಾಳೆ, ಅಂದರೆ ಒಪ್ಪಿಗೆಯಾಯಿತು ಎಂದ. ನಿಕಾಹ್‌ನಲ್ಲಿ ಕನ್ಯೆ ನಾಚಿ ಸುಮ್ಮನಿದ್ದರೆ ಅದನ್ನು ಒಪ್ಪಿಗೆ ಎಂದು ಹಿಡಿಯುವುದುಂಟು. ನಾನೇನು ಕನ್ಯೆಯೆ? ಎರಡು ಹೆತ್ತವಳು. ಮದುವೆಯ ಕಾನೂನು ತಂದು ಆಸ್ತಿಗೆ ಅಂಟಿಸಿದ ಆ ಜಾಣತನವನ್ನು ನೆಂಟರು ಬಿರಿಯಾನಿಯ ಹಿಂದೆಯೇ ನುಂಗಿಕೊಂಡರು. ಅಲ್ಲಿಂದ ಮುಂದೆ ಪ್ರತಿ ರಂಜಾನಿಗೆ ನನಗೊಂದು ಒರಟು ಸೀರೆ, ಸ್ವಲ್ಪ ಗೋಧಿ ಬರುತ್ತಿತ್ತು. ತಂದುಕೊಟ್ಟ ಆಳು ನಾನು ಗಂಡನ ಜೊತೆ ಇದ್ದ ಚಾಳಿನವರಿಗೆಲ್ಲ ಕೇಳುವಂತೆ, ಸೇಠರ ಜಕಾತ್ ಎನ್ನುತ್ತಿದ್ದ. ಹೀಲಾ ಮಾಡಿದವನಿಗೆ ಜಕಾತ್ ಎಲ್ಲಿಂದ ಬಂತು? ನನ್ನ ಪಾಲು ನುಂಗಿ, ತೇಗನ್ನು ನನಗೇ ದಾನ ಮಾಡುತ್ತಿದ್ದ. ನನಗೆ ಮೈ ಉರಿಯುತ್ತಿತ್ತು. ಆದರೂ ಸೀರೆ ಉಟ್ಟೆ, ಗೋಧಿ ಬೀಸಿದೆ.

ಆಣೆ ಹೋಗಿ ನಯೇ ಪೈಸೆ ಬಂದ ಹೊಸತರಲ್ಲಿ ನನ್ನ ಗಂಡ ತೀರಿಕೊಂಡ. ಕುರ್ಲಾದ ಚಾಳಿನಲ್ಲಿ ನಮ್ಮದು ಒಂದೇ ಕೋಣೆಯ ಖೋಲಿ. ನಾನು ಮಷೀನಿನ ಮೇಲೆ ಬುರ್ಖಾ, ಲಂಗ ಹೊಲಿದು ಮಕ್ಕಳನ್ನು ಸಾಕುತ್ತಿದ್ದೆ. ಖೋಲಿ ಗಂಡನ ಹೆಸರಿನಲ್ಲಿತ್ತು, ಅವನು ಹೋದ, ಇನ್ನು ಇರಬೇಕಾದರೆ ಹೊಸದಾಗಿ ಪಗಡಿ ಕೊಡು ಎಂದು ಚಾಳಿನ ಮಾಲಕ ಕೂತ. ಪಗಡಿ ಎಂದರೆ ಬಾಡಿಗೆಯಲ್ಲ, ಬಾಡಿಗೆಗಿರುವ ಭಾಗ್ಯಕ್ಕೆ ಮೊದಲೇ ಸುರಿಯುವ ಹಣ. ಅಣ್ಣನ ಬಳಿ ಹೋದೆ. ಅವನು ಬಹಳ ಮರುಗಿದ.

“ಪಗಡಿ ಯಾಕ ಕೊಡ್ತಿ ತಂಗಿ? ನಮ್ಮ ಮನ್ಯಾಗ ಬಂದಿರು. ಅಡಗಿಮನಿ ಹಿಂದ ಜಾಗಾ ಐತಿ.”

ಈ ಮಾತು ಹೇಳುವ ಮೊದಲೇ ಅಡಿಗೆಯವಳನ್ನು ಬಿಡಿಸಿಬಿಟ್ಟಿದ್ದ. ಈದ್ ಕಳೆದು ಹದಿನೈದು ದಿನದೊಳಗೆ ಪಗಡಿ ಕೊಡದಿದ್ದರೆ, ಸಂಬಳವಿಲ್ಲದ ಆ ಒಲೆಯೇ ನನಗೆ ಗತಿ.

ಅದೇ ವಾರ ಅವನ ಬಡತನದ ಮುಹೂರ್ತ ಬಂತು. ಅಣ್ಣನಿಗೆ ಎಲ್ಲವೂ ಪಕ್ಕಾ ಆಗಬೇಕು. ಬಾಯಲ್ಲಿ ಕೊಟ್ಟೆ ಎಂದರೆ ಸಾಲದು, ವಸ್ತು ಕೈಗೆ ಸೇರಿದರೆ ಮಾತ್ರ ಕೊಡುಗೆ ನಿಲ್ಲುತ್ತದೆ ಎಂದು ಮೌಲ್ವಿಗಳು ಹೇಳಿದ್ದರು. ಅದಕ್ಕೆ ಅಬ್ಬಾ ಸ್ವಂತ ಕೈಯಾರೆ ಬಡಿದು ಮಾಡಿದ ಟ್ರಂಕಿನಲ್ಲಿ ಚಿನ್ನವಿಟ್ಟು, ಬೀಗ ಹಾಕಿ, ಕೀಲಿಯನ್ನು ಭಾಬಿಯ ಅಂಗೈಯಲ್ಲಿಟ್ಟು ಬೆರಳು ಮಡಿಚಿದ. “ನನ್ನ ಚಿನ್ನಾ ಎಲ್ಲಾ ನಿನಗ ಕೊಟ್ಟೆ.” “ತಗೊಂಡೆ,” ಎಂದಳು ಭಾಬಿ. ಸಾಕ್ಷಿಗೆ ಮೌಲ್ವಿ ಸಾಹೇಬರು ಒಬ್ಬರು, ಇನ್ನೊಬ್ಬಳು ಭಾಬಿ ಆಪಾ, ಅಂದರೆ ಅಕ್ಕ, ಎಂದು ಕರೆಯುವ ನಾನು. ಪಾಲು ಕಳೆದುಕೊಂಡವಳನ್ನೇ ಕರೆದು ಸಾಕ್ಷಿಗೆ ಕೂರಿಸಬೇಕಾದರೆ ಮನುಷ್ಯನಿಗೆ ಎಂಥ ದಪ್ಪ ಚರ್ಮ ಬೇಕು! ಆ ಬಡವ ಅಂದು ಸಂಜೆ ಮಟನ್ ಖೀಮಾ ತರಿಸಿ ತಿಂದ.

ಈದ್ ಕಳೆಯಿತು. ಚಿನ್ನ ತಿರುಗಿ ಬರುವ ದಿನ ಅದೇ ಸಾಕ್ಷಿಗಳಿಗೆ ಬುಲಾವ್. ಮೌಲ್ವಿಗಳು ಪಾನ್ ಜಗಿಯುತ್ತ ಕೂತಿದ್ದರು. ಅಣ್ಣ ಕೈ ಚಾಚಿದ.

“ಹೂಂ, ಕೊಟ್ಟೆ ಅನ್ನು.”

“ಕೊಡಂಗಿಲ್ಲ,” ಎಂದಳು ಭಾಬಿ.

ಅವನು ನಕ್ಕ. ಇಷ್ಟು ವರ್ಷ ಗಟ್ಟಿಯಾಗಿ ಉಸಿರೆತ್ತದ ಹೆಂಗಸು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡನೇನೋ. ಭಾಬಿ ನಗಲಿಲ್ಲ.

“ನೀವು ಕೊಟ್ರಿ, ನಾ ತಗೊಂಡೆ. ಕೀಲಿನೂ ನನ್ನ ಕೈಯಾಗ ನೀವ ಇಟ್ರಿ. ಸಾಕ್ಷಿ ಇಬ್ಬರೂ ಇಲ್ಲೇ ಕುಂತಾರ.”

ಅಣ್ಣ ಮೌಲ್ವಿಗಳ ಮುಖ ನೋಡಿದ. ಅವರು ಪಾನನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, ಗಂಡ ಹೆಂಡತಿಗೆ ಕೊಟ್ಟದ್ದು ಒಮ್ಮೆ ಕೈಸೇರಿದರೆ ಹಿಂದಕ್ಕೆ ಕೇಳಲು ಬರುವುದಿಲ್ಲ ಎಂದು ಉರ್ದುವಿನಲ್ಲಿ ಗೊಣಗಿದರು. ಮೊದಲೇ ಏಕೆ ಹೇಳಲಿಲ್ಲ ಎಂದು ಅಣ್ಣ ಕೂಗಾಡಿದ. ಇಲ್ಲಿಯವರೆಗೆ ಯಾವ ಹೆಂಡತಿಯೂ ಹೀಗೆ ಮಾಡಿರಲಿಲ್ಲವಂತೆ. ವಾಹ್ ರೇ ವಿದ್ವಾಂಸ!

“ಅದು ಸುಳ್ಳ ಸುಳ್ಳ ಕೊಟ್ಟಿದ್ದು!” ಎಂದ ಅಣ್ಣ.

“ಸುಳ್ಳ ಆಗಿದ್ರ ಚಿನ್ನ ಇಷ್ಟು ವರ್ಷ ನಿಮ್ಮದ ಇತ್ತು. ಅಷ್ಟೂ ವರ್ಷದ ಜಕಾತ್ ಈಗ ತಗೀರಿ. ಅಲ್ರಿ ಮೌಲ್ವಿ ಸಾಬ್ರ?”

ಅಷ್ಟು ಕನ್ನಡ ಮೌಲ್ವಿಗಳಿಗೂ ಅರ್ಥವಾಯಿತು. ಅವರು ತಲೆಯಾಡಿಸಿ, ಕೊಡೆ ಹುಡುಕತೊಡಗಿದರು.

ಭಾಬಿ ಟ್ರಂಕು ತೆಗೆದಳು. ಚಿನ್ನವನ್ನು ಚಾಪೆಯ ಮೇಲೆ ಸುರಿದು, ತಕ್ಕಡಿಯಲ್ಲಿ ತೂಗಿ, ಮೂರರಲ್ಲಿ ಒಂದು ಭಾಗವನ್ನು ನನ್ನ ಕಡೆ ಸರಿಸಿದಳು.

“ಮಾವನವರು ಹೋದಾಗಿಂದ ಇದು ಆಪಾಂದು. ಇವರದಲ್ಲದ್ದು ಇವರು ನನಗ ಹೆಂಗ ಕೊಟ್ಟಾರು? ತಗೋರಿ ಆಪಾ, ಖೋಲಿ ಉಳಿಸ್ಕೋರಿ. ಉಳಿದದ್ದರ ಜಕಾತ್ ಇನ್ನ ಮ್ಯಾಲ ನಾ ಕೊಡ್ತೀನಿ.”

“ಆಕಿ ಮಾಫ್ ಮಾಡ್ಯಾಳ!” ಅಣ್ಣ ಹಾರಿ ಎದ್ದ.

“ಬಾಯಿ ಬಿಟ್ಟು ಅಂದಾಳೇನು?” ಭಾಬಿ ನನ್ನ ಕಡೆ ತಿರುಗಿದಳು. “ಆಪಾ, ಈ ಸಲ ಸುಮ್ನ ಕುಂದರಬ್ಯಾಡ್ರಿ.”

ಅಡಿಗೆಮನೆಯ ಹಿಂದಿನ ಜಾಗ ಕಣ್ಣಿಗೆ ಬಿತ್ತು. ಅಣ್ಣ ಆಗಲೇ ಅಲ್ಲಿ ನನಗಾಗಿ ಒಂದು ಚಾಪೆ ಸುತ್ತಿಡಿಸಿದ್ದ. ಚಿನ್ನವನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದು ಗ್ಯಾಲರಿಯ ಬಾಗಿಲಲ್ಲಿ ನಿಂತೆ.

“ಯೇ ಖೈರಾತ್ ನಹೀಂ ಹೈ! ಮೇರಾ ಹಕ್ ಹೈ! ಮೈಂನೆ ಲಿಯಾ!”

ಒಂದೊಂದೇ ಬಾಗಿಲು ತೆರೆಯಿತು. ಅಣ್ಣ ಬೆವರುತ್ತ ನನ್ನ ಸೆರಗು ಜಗ್ಗಿದ. “ಕನ್ನಡದಾಗ, ತಂಗಿ! ನಿನ್ನ ಕಾಲು ಬೀಳ್ತೀನಿ, ಕನ್ನಡದಾಗ ಮಾತಾಡು!”

ಇದು ಭಿಕ್ಷೆಯಲ್ಲ, ನನ್ನ ಹಕ್ಕು, ತೆಗೆದುಕೊಂಡೆ ಎಂದು, ಇಡೀ ಬಿಲ್ಡಿಂಗಿಗೆ ತಿಳಿಯುವ ಭಾಷೆಯಲ್ಲೇ ಇನ್ನೊಮ್ಮೆ ಹೇಳಿ, ಮೆಟ್ಟಿಲಿಳಿದೆ.