ಮಾರಿಷಸ್ಸಿಗೆ ಒಂದೇ ಟಿಕೀಟು

ತಿರ್ಲಾಪುರದ ಸಂಗನಬಸವ ಮದುವೆಯ ಆಸೆ ಬಿಟ್ಟದ್ದು ಅಣ್ಣಿಗೇರಿಯ ಒಂದು ಚಹಾದಂಗಡಿಯಲ್ಲಿ. ಅವತ್ತು ಅವನೂ ಗೆಳೆಯ ಫಕೀರೇಶನೂ ಹುಡುಗಿ ನೋಡಲು ಹೋಗಿ ಮರಳುತ್ತಿದ್ದರು. ಹುಡುಗಿಯ ತಂದೆ ಒಳ್ಳೆಯ ಮನುಷ್ಯ. ಅವಲಕ್ಕಿ ಕೊಟ್ಟ, ಹೊಲದ ವಿಚಾರ ಕೇಳಿ ತಲೆದೂಗಿದ. ಕಡೆಗೆ ಬಾಗಿಲ ತನಕ ಬಂದು, "ತಪ್ಪ ತಿಳ್ಕೋಬ್ಯಾಡ್ರಿ, ನಮ್ಮ ಹುಡುಗಿ ಒಕ್ಕಲುತನದ ಮನಿ ಒಲ್ಲೆ ಅಂತಾಳ" ಎಂದ. ಸಂಗನಬಸವನಿಗೆ ಆಗಲೇ ನಲವತ್ತು ದಾಟಿತ್ತು. ಇಂಥ ಮಾತು ಅವನಿಗೆ ಹೊಸದೇನಲ್ಲ. ಆದರೂ ಅವತ್ತು ಮುಂದಿದ್ದ ಚಹಾ ಆರಿಹೋಗುವ ತನಕ ಅವನು ಕಪ್ಪು ಮುಟ್ಟಲಿಲ್ಲ.

ಫಕೀರೇಶನದೂ ಅದೇ ಪಾಡು. ನವಲಗುಂದದಲ್ಲಿ ಗೊಬ್ಬರದ ಅಂಗಡಿ ಚೆನ್ನಾಗಿ ನಡೆದಿದ್ದರೂ, ಒಂದು ಕಾಲು ಎಳೆದು ನಡೆಯುತ್ತಿದ್ದ ಅವನಿಗೆ ಯಾರೂ ಹೆಣ್ಣು ಕೊಟ್ಟಿರಲಿಲ್ಲ.

"ಲೇ ಸಂಗ್ಯಾ, ಸಾಕಿನ್ನ. ಇನ್ನ ಹುಡುಗೇರ್‍ನ ನೋಡೂದು ಬ್ಯಾಡ, ದೇಶಾ ನೋಡೂಣು" ಅಂದ ಫಕೀರೇಶ. "ವಿಮಾನದಾಗ ಹೋಗೂಣು. ಎಲ್ಲಿಗೆ ಅನ್ನೂದು ನೀನ ಹೇಳು."

"ಮಾರಿಷಸ್" ಅಂದುಬಿಟ್ಟ ಸಂಗನಬಸವ, ಉತ್ತರ ಮೊದಲೇ ಬಾಯಲ್ಲಿತ್ತೆಂಬಂತೆ.

ನಿಜವಾಗಿ ಇತ್ತು. ಅಣ್ಣ ಶಂಕ್ರಪ್ಪನ ಮನೆಯಲ್ಲಿ ಅವನಿಗೆ ಯಾವುದಕ್ಕೂ ಕೊರತೆ ಇರಲಿಲ್ಲ. ಉಂಡು ಕೈ ತೊಳೆದ ಮೇಲೆ ಮಾತ್ರ ಅಣ್ಣ-ವೈನಿ ತಮ್ಮ ಖೋಲಿಗೆ, ಮಗ-ಸೊಸೆ ತಮ್ಮ ಖೋಲಿಗೆ ಹೋಗುತ್ತಿದ್ದರು. ಪಡಸಾಲೆಯಲ್ಲಿ ಅವನೊಬ್ಬನೇ ಮೊಬೈಲು ಹಿಡಿದು ಉಳಿಯುತ್ತಿದ್ದ. ನಮ್ಮ ಕಡೆಯ ಎರೆಮಣ್ಣು ಒಂದು ಕಾಲದಲ್ಲಿ ಬೆಂಕಿಯ ಹೊಳೆಯಾಗಿ ಹರಿದ ಕಲ್ಲಿನಿಂದ ಆದದ್ದು ಎಂದು ಶಾಲೆಯಲ್ಲಿ ಮಾಸ್ತರರು ಹೇಳಿದ್ದೊಂದು ಅವನ ತಲೆಯಲ್ಲಿ ಗಟ್ಟಿಯಾಗಿ ಕುಳಿತಿತ್ತು. ಅದಕ್ಕೇ ಜ್ವಾಲಾಮುಖಿಯ ವಿಡಿಯೋ ಬಂದರೆ ಬಿಡುತ್ತಿರಲಿಲ್ಲ. ಹಾಗೆ ನೋಡುತ್ತ ಒಮ್ಮೆ ಮಾರಿಷಸ್ಸಿನ ದಿಬ್ಬಗಳು ಕಣ್ಣಿಗೆ ಬಿದ್ದವು: ಕೆಂಪು, ಕಂದು, ಹಳದಿ, ನೇರಳೆ, ಒಂದೇ ಜಾಗದಲ್ಲಿ ಏಳು ಬಣ್ಣದ ಮಣ್ಣು. ಹುಟ್ಟಿದಾಗಿನಿಂದ ಕರಿಮಣ್ಣಿನಲ್ಲೇ ಕಾಲಿಟ್ಟವನು ಆ ವಿಡಿಯೋವನ್ನು ಎಷ್ಟು ಸಲ ನೋಡಿದನೋ.

ಆ ವರ್ಷ ಇಬ್ಬರಿಗೂ ಅದೇ ಧ್ಯಾನ. ಸಂಗನಬಸವ ಸಂಜೆ ಅಂಗಡಿಗೆ ಬಂದು ಗೊಬ್ಬರದ ಚೀಲದ ಮೇಲೆ ಕುಳಿತನೆಂದರೆ ಮಾರಿಷಸ್ಸಿನ ಮಾತೇ. ಕಡಲೆ ಒಕ್ಕಿದ ಮೇಲೆ, ಮುಂಗಾರು ಬಿತ್ತನೆಗೆ ಮೊದಲು ಹೋಗಬೇಕು. ಆಗ ಅಲ್ಲಿ ಹಿತವಾದ ಬಿಸಿಲು. ಒಂದು ದಿನ ಸಮುದ್ರ. ಒಂದು ದಿನ ಆರಿಹೋದ ಜ್ವಾಲಾಮುಖಿಯ ಬಾಯಿ. ಅದರೊಳಗೆ ಈಗ ಗಿಡ ಬೆಳೆದಿವೆಯಂತೆ. ಗಂಗಾ ತಲಾವ್ ಎಂಬ ಕೆರೆ, ಅದರ ದಂಡೆಗೆ ಈಶ್ವರನ ಗುಡಿ. ಆಮೇಲೆ ಮಣ್ಣು. "ಮಣ್ಣಿಗೆ ಒಂದ ದಿನಾ ಪೂರಾ ಇಡೂಣು" ಅನ್ನುತ್ತಿದ್ದ.

ಹುಬ್ಬಳ್ಳಿಯ ಟ್ರಾವೆಲ್ಸ್ ಆಫೀಸಿನಲ್ಲಿ ಕುಳಿತ ಹುಡುಗಿ, "ನಿಮ್ಮ ಮನಿಯವರ ಹೆಸರು ಹೇಳ್ರಿ ಸರ್, ಇದು ಜೋಡಿ ಪ್ಯಾಕೇಜ್ ಐತ್ರಿ" ಅಂದಾಗ ಫಕೀರೇಶ ಸಂಗನಬಸವನ ಹೆಗಲ ಮೇಲೆ ಕೈ ಹಾಕಿ, "ನಾವಿಬ್ಬರ ಜೋಡಿರಿ" ಅಂದ. ಮೂವರೂ ನಕ್ಕರು. ಸಂಗನಬಸವ ಅಷ್ಟು ಹಗುರಾಗಿ ನಕ್ಕು ಬಹಳ ದಿನಗಳಾಗಿದ್ದವು.

ಸಂಕ್ರಾಂತಿ ಕಳೆದ ಮೇಲೆ ಫಕೀರೇಶ ಒಂದು ಮಧ್ಯಾಹ್ನ ಹೊಲಕ್ಕೇ ಬಂದ. ಬದುವಿನ ಮೇಲೆ ಕುಳಿತು ಹಸಿ ಕಡಲೆ ಸುಲಿಯತೊಡಗಿದ.

"ಸಂಗ್ಯಾ, ನಂದು ಲಗ್ನಾ ನಿಕ್ಕಿ ಆತಲೇ. ರೋಣದ ಕಡೀ ಹುಡುಗಿ, ನಂದಾ ಅಂತ."

"ಹೌದ? ಛಲೋ ಆತಲೇ!" ಸಂಗನಬಸವ ಅವನ ಕೈ ಹಿಡಿದು ಜಗ್ಗಾಡಿದ. ಸಂತೋಷ ಸುಳ್ಳಾಗಿರಲಿಲ್ಲ.

"ಮತ್ತ... ಆ ಮಾರಿಷಸ್ಸಿಗೆ ಆಕಿನ್ನ ಕರ್ಕೊಂಡ ಹೋಗ್ಲೇನು? ನೀ ಬ್ಯಾಡ ಅಂದ್ರ ಬ್ಯಾಡ."

ಕಡಲೆ ಗಿಡಗಳ ಮೇಲೆ ಗಾಳಿ ಹಾದುಹೋಯಿತು. "ಹೋಗಿ ಬಾ" ಅಂದ ಸಂಗನಬಸವ. "ಮದವಿ ಆದಾವ ಹೆಂಡ್ತಿನ್ನ ಬಿಟ್ಟು ನನ್ನ ಕರ್ಕೊಂಡ ಹೋಗ್ತಾನೇನು?"

ಮದುವೆಯಾಯಿತು. ಹೋಗುವ ಮುಂಚಿನ ವಾರ ಫಕೀರೇಶ ಅವನನ್ನು ಮನೆಗೆ ಕರೆಸಿ, ಎಲ್ಲಿ ಏನು ನೋಡಬೇಕೆಂದು ನಂದಾಳಿಗೆ ಹೇಳಿಸಿದ. ಸಂಗನಬಸವ ಮೊಬೈಲಿನಲ್ಲಿ ಒಂದೊಂದೇ ಜಾಗ ತೋರಿಸಿದ. ಅವಳು ಸೆರಗು ಸರಿಪಡಿಸಿಕೊಂಡು ಗಮನವಿಟ್ಟು ಕೇಳಿ, "ಇಷ್ಟೆಲ್ಲಾ ಗೊತ್ತಿದ್ದಾವರು ನೀವೂ ಬರ್ರೆಲಾ ಅಣ್ಣಾರ" ಅಂದಳು. ಅಕ್ಕರೆಯಿಂದಲೇ ಅಂದಳು. ಸಂಗನಬಸವ ಮೊಬೈಲಿನಲ್ಲಿ ಮುಂದಿನ ಜಾಗ ತೆಗೆದ.

ಅವರು ಹೋದ ಮೇಲೆ ಫೋಟೋ ಬರತೊಡಗಿದವು. ಸಮುದ್ರದ ಮುಂದೆ ನಂದಾ, ಎಳನೀರು ಹಿಡಿದ ಫಕೀರೇಶ, ಮತ್ತೆ ಸಮುದ್ರ. ಸಂಗನಬಸವ ಪ್ರತಿಯೊಂದಕ್ಕೂ "ಭಾರಿ" ಎಂದು ಬರೆದು, ಮುಂದಿನದರ ದಾರಿ ಕಾಯುತ್ತಿದ್ದ.

ಮರಳಿ ಬಂದ ದಿನ ಅಂಗಡಿಯಲ್ಲಿ ನಾಲ್ಕು ಜನ ಸೇರಿದ್ದರು. ಸಂಗನಬಸವ ತಡೆಯಲಾರದೆ ಕೇಳಿದ: "ಮಣ್ಣಿನ ಫೋಟೋನ ಹಾಕಲಿಲ್ಲಲ್ಲೋ?"

"ಅಲ್ಲಿ ಹೋಗಲಿಲ್ಲಲೇ. ಬಿಸಲಾಗ ಕಾಲು ಬ್ಯಾನಿ ಆತು. ಮತ್ತ ನಂದಾನೂ ಅಂದ್ಲು, ಮಣ್ಣ ನೋಡಾಕ ಇಲ್ಲಿ ಮಟಾ ಬರಬೇಕೇನು, ಅಣ್ಣಾರ ಹೊಲದಾಗ ಬೇಕಾದಷ್ಟ ಐತಿ ಅಂತ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಂಗನಬಸವನೂ ನಕ್ಕ. ಬೈಕಿನ ಮೇಲೆ ಊರಿಗೆ ಬರುವಾಗ, ಫಕೀರೇಶನ ಮೇಲೆ ಸಿಟ್ಟು ಬರಬಹುದೆಂದು ದಾರಿಯುದ್ದಕ್ಕೂ ಕಾದ. ಬರಲಿಲ್ಲ. ಒಂದು ವರ್ಷ ಇಬ್ಬರೂ ಕೂಡಿ ಕಂಡಿದ್ದೇವೆಂದು ತಿಳಿದ ಕನಸನ್ನು ತಾನೊಬ್ಬನೇ ಕಂಡದ್ದು ಎನ್ನುವುದೇ ಮತ್ತೆ ಮತ್ತೆ ಮನಸ್ಸಿಗೆ ಬರುತ್ತಿತ್ತು.

ರೊಟ್ಟಿ ಬಡಿಯುತ್ತಿದ್ದ ವೈನಿ ಗುರವ್ವನ ಮುಂದೆ ಹೋಗಿ ನಿಂತ.

"ವೈನಿ, ಮುಂದಿನ ವರ್ಷ ನಾ ಹೋಗಿ ಬರ್ತೀನಿ. ಒಬ್ಬಾವನ."

"ಒಬ್ಬಾವನ? ಅಷ್ಟ ದೂರ? ಮಂದಿ ಏನಂದಾರು ತಮ್ಮಾ?"

"ಹೊಲಕ್ಕ ಒಬ್ಬಾವನ ಹೋಗ್ತೀನಿ. ಸಂತಿಗೆ ಒಬ್ಬಾವನ ಹೋಗ್ತೀನಿ. ಆವಾಗ ಯಾರೂ ಏನೂ ಅಂದಿಲ್ಲ."

ಗುರವ್ವ ಕೈಯ ಹಿಟ್ಟು ಹಾಗೇ ಬಿಟ್ಟು ಅವನ ಮುಖ ನೋಡಿದಳು. ಮತ್ತೆ ಬೇಡವೆನ್ನಲಿಲ್ಲ.

ಮರುವರ್ಷ ಕಡಲೆ ಮನೆಗೆ ಬಂದ ಮೇಲೆ ಅವನು ಹೊರಟ. ಟ್ರಾವೆಲ್ಸಿನ ಹುಡುಗಿ "ಜೊತಿಗೆ ಯಾರ್‍ರಿ ಸರ್?" ಎಂದಾಗ "ನಾನಷ್ಟರಿ" ಅಂದ. ವೈನಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಮುಂಬಯಿಯಿಂದ ಹಾರಿದ ವಿಮಾನದಲ್ಲಿ ಬಾಜೂಕೆ ಹೊಸ ಜೋಡಿಯೊಂದು ಒಬ್ಬರ ಮೇಲೊಬ್ಬರು ಒರಗಿ ಮಲಗಿತ್ತು; ಅವರಿಗೆ ತಾಕದಂತೆ ಅವನು ಮುದುಡಿ ಕುಳಿತ.

ಮಣ್ಣಿನ ದಿಬ್ಬಗಳಿಗೆ ಕಟ್ಟಿಗೆಯ ಕಟಾಂಜನ ಹಾಕಿದ್ದರು. ಒಳಗೆ ಕಾಲಿಡುವಂತಿರಲಿಲ್ಲ. ಜನ ಇಬ್ಬಿಬ್ಬರಾಗಿ ಬಂದು ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಕೆಲವರು ಅವನ ಕೈಗೆ ಮೊಬೈಲು ಕೊಟ್ಟು ತಮ್ಮ ಫೋಟೋ ತೆಗೆಸಿಕೊಂಡರು. ಬಿಸಿಲು ಸರಿದಂತೆ ಕೆಂಪು ನೇರಳೆಗೆ ತಿರುಗಿತು, ಕಂದು ಹೊಳೆಯತೊಡಗಿತು. ಇದನ್ನು ಯಾರಿಗಾದರೂ ಹೇಳದೆ ಇರಲಾಗದೆ ಫಕೀರೇಶನಿಗೆ ಫೋನು ಹಚ್ಚಿದ. "ಗಿರಾಕಿ ಅದಾರಲೇ, ಆಮ್ಯಾಲೆ ಮಾಡ್ತೀನಿ" ಅಂದು ಅವನು ಇಟ್ಟುಬಿಟ್ಟ.

ಆಗ ಮನೆಗೆ ವಿಡಿಯೋ ಕಾಲ್ ಮಾಡಿದ. ಗುರವ್ವ ಎತ್ತಿದಳು.

"ಬಾಜೂಕ ಯಾರದಾರ ತಮ್ಮಾ?"

"ಯಾರೂ ಇಲ್ಲ ವೈನಿ."

ಅವಳು ಒಲೆ ಸಣ್ಣ ಮಾಡಿ ಬಂದು ಕುಳಿತು, "ಎಲ್ಲಿ, ನನಗ ತೋರ್ಸು. ಅವಸರಾ ಮಾಡಬ್ಯಾಡ, ಒಂದೊಂದ ತೋರ್ಸು" ಅಂದಳು.

ಅವನು ಒಂದೊಂದೇ ಬಣ್ಣ ತೋರಿಸಿದ. ಅವಳು ಪ್ರತಿಯೊಂದಕ್ಕೂ "ಹೂಂ" ಅಂದಳು. ನಡುವೆ ನೆಟ್‌ವರ್ಕ್ ಹೋಗಿ ಫೋನು ಕಟ್ಟಾಯಿತು. ಅವನನ್ನು ಕರೆತಂದಿದ್ದ ವ್ಯಾನಿನ ಡ್ರೈವರ್ ಹಾರ್ನ್ ಹೊಡೆಯುವ ತನಕ ಸಂಗನಬಸವ ಅಲ್ಲೇ ನಿಂತಿದ್ದ. ಆಮೇಲೆ ಹೋಗಿ ಕಿಟಕಿಯ ಕಡೆಗೆ ಕುಳಿತುಕೊಂಡ.