ದ್ಯಾಮಪ್ಪನ ದವಡೆಯ ಗಂಟು

ಶಿರಹಟ್ಟಿಯ ದ್ಯಾಮಪ್ಪನಿಗೆ ಹೊಲ ಅಷ್ಟಕ್ಕಷ್ಟೆ, ಅಂಗಡಿ ಇಲ್ಲವೇ ಇಲ್ಲ. ಅವನ ಬಂಡವಾಳವೆಂದರೆ ಬಲಗೈಯ ಬೆರಳು ಮತ್ತು ಮುಖ. ಅವನು ದನದ ದಲ್ಲಾಳಿ. ಮುಂಡರಗಿಯಿರಲಿ, ಲಕ್ಷ್ಮೇಶ್ವರವಿರಲಿ, ಗದಗವಿರಲಿ, ದನದ ಸಂತೆ ಕೂಡಿತೆಂದರೆ ಅವನ ಬಿಳಿ ಟೊಪ್ಪಿಗೆ ಅಲ್ಲಿ ಕಾಣಲೇಬೇಕು.

ಆ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಕೂಗುವವನು ಹೊಸಬ. ಬಲ್ಲವರು ಕೈಯಲ್ಲಿ ಕೈ ಇಟ್ಟು ಮೇಲೊಂದು ಟವೆಲು ಹೊದಿಸುತ್ತಾರೆ. ಕೊಳ್ಳುವವನ ಕಡೆಯ ದಲ್ಲಾಳಿ ಬೆರಳು ಹಿಡಿದು ಅದುಮುತ್ತಾನೆ, ಮಾರುವವನ ಕಡೆಯವನು ತಿರುಗಿ ಅದುಮುತ್ತಾನೆ. ಯಾವ ಬೆರಳಿಗೆ ಎಷ್ಟು ಎಂಬುದು ಅವರಿಬ್ಬರಿಗೆ ಗೊತ್ತು; ಸುತ್ತ ನಿಂತವರಿಗೆ ಟವೆಲು ಅಲ್ಲಾಡಿದ್ದಷ್ಟೇ ಗೊತ್ತು. ಆದರೆ ಟವೆಲು ಮುಚ್ಚುವುದು ಕೈಯನ್ನು, ಮುಖವನ್ನಲ್ಲ. ಇನ್ನೂ ಎಷ್ಟು ಏರಿಸಬಹುದು, ಎಲ್ಲಿಗೆ ನಿಲ್ಲಿಸಬೇಕು ಎನ್ನುವುದೆಲ್ಲ ಮುಖದ ಮೇಲೆ ಬಂದುಬಿಟ್ಟರೆ ಟವೆಲು ಬೆವರು ಒರೆಸಲಿಕ್ಕಷ್ಟೇ ಸೈ. ಅದಕ್ಕಾಗಿ ದ್ಯಾಮಪ್ಪ ಕೈ ಒಳಗೆ ಹೋದ ಕೂಡಲೇ ಹಲ್ಲಿಗೆ ಹಲ್ಲು ಕಚ್ಚಿ, ಮುಖವನ್ನು ಅಮಾವಾಸ್ಯೆಯ ದಿನದ ಅಂಗಡಿಯಂತೆ ಕದ ಹಾಕಿ ನಿಲ್ಲುತ್ತಿದ್ದ. ತನ್ನ ಮುಖ ಓದುವ ಮಗ ಈ ಮೂರು ತಾಲೂಕಿನಲ್ಲಿ ಹುಟ್ಟಿಲ್ಲ ಎನ್ನುವುದು ಅವನ ನಂಬಿಕೆ. ಟೊಪ್ಪಿಗೆ ಸೊಟ್ಟಗಾದರೂ ಆ ನಂಬಿಕೆ ಸೊಟ್ಟಗಾಗಿರಲಿಲ್ಲ.

ವಯಸ್ಸು ಅರವತ್ತು ದಾಟಿದ ಮೇಲೆ ಕಚ್ಚಿದ ದವಡೆ ಬಡ್ಡಿ ಕೇಳಲು ಶುರುಮಾಡಿತು. ಕಿವಿಯ ಕೆಳಗೆ ಎರಡೂ ಕಡೆ ನೋವು. ಅದು ನೆತ್ತಿಗೇರಿ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಖಡಕ್ ರೊಟ್ಟಿ ಮುರಿದ ಸಪ್ಪಳ ಕೇಳಿದರೇ ಅವನಿಗೆ ಹೆದರಿಕೆ. ಅವನ ಹೆಂಡತಿ ತಿಪ್ಪವ್ವ ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ ಮುಂದಿಟ್ಟಳು.

"ಊರ ಮಂದಿ ಎತ್ತಿನ ಹಲ್ಲೆಲ್ಲಾ ಹಿಡದ ನೋಡ್ತೀರಿ, ನಿಮ್ಮ ಹಲ್ಲ ಯಾರಿಗೆ ತೋರಸ್ತೀರಿ?" ಎಂದು ಕೇಳಿದಳು.

ಗದಗಿನಲ್ಲಿ ಒಬ್ಬ ಹಲ್ಲಿನ ಡಾಕ್ಟರಿಗೆ ತೋರಿಸಿದ್ದಾಯಿತು. ಡಾಕ್ಟರು ಬಾಯೊಳಗೆ ಬೆಳಕು ಬಿಟ್ಟು ನೋಡಿ, "ಹಲ್ಲು ಬರೋಬ್ಬರಿ ಅದಾವು. ನೀವು ದವಡಿ ಬಿಗಿ ಹಿಡಿತೀರಿ, ಅದನ್ನ ಬಿಡ್ರಿ" ಎಂದರು.

"ಅದ ನಮ್ಮ ಉದ್ಯೋಗ ಐತ್ರಿ ಸಾಹೇಬ್ರ. ಬಿಟ್ರ ಉಣ್ಣೋದೇನು?" ಎಂದ ದ್ಯಾಮಪ್ಪ.

"ಬಿಡದಿದ್ರೂ ಉಣ್ಣಾಕ ಬರೂದಿಲ್ಲ" ಎಂದು ಡಾಕ್ಟರು ಕೈ ತೊಳೆದುಕೊಂಡರು.

ಮನೆಯ ಕಿರಿಸೊಸೆ ಐಶ್ವರ್ಯಾ ಬೆಟಗೇರಿಯ ಹುಡುಗಿ. ಮದುವೆಗೆ ಮೊದಲು ಅಲ್ಲಿಯ ಒಂದು ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಕಲಿತವಳು. ಮದುಮಕ್ಕಳಿಗೆ ಮೇಕಪ್ಪು ಮಾಡಲು ಹೋಗುವಾಗ ಒಯ್ಯುವ ಅವಳ ಪೆಟ್ಟಿಗೆಯಲ್ಲಿ ವೀಳ್ಯದೆಲೆಯ ಗಾತ್ರದ, ಅಂಚು ನುಣುಪಾದ ಹಸಿರು ಕಲ್ಲೊಂದಿತ್ತು. ಗುವಾ ಶಾ ಅಂತ ಅದರ ಹೆಸರು. ಚೀನಾದವರು ಇದರಿಂದ ಮುಖ ನೀವಿಕೊಳ್ಳುತ್ತಾರೆ, ಬಿಗಿದದ್ದು ಸಡಿಲಾಗುತ್ತದೆ ಎಂದು ಅವಳು ಅತ್ತೆಗೆ ವಿವರಿಸಿದಳು. ತಿಪ್ಪವ್ವ ಹೆಸರಿನ ಗೋಜಿಗೆ ಹೋಗದೆ ಅದನ್ನು ತಿಕ್ಕೋ ಕಲ್ಲು ಎಂದು ಕರೆದಳು.

ಕಲ್ಲು ಇತ್ತು, ದವಡೆಯೂ ಇತ್ತು. ತಿಕ್ಕುವವರು ಯಾರು? ಸೊಸೆ ಮಾವನ ಮುಖ ಮುಟ್ಟುವುದು ಆ ಮನೆಯಲ್ಲಿ ನಡೆಯುವ ಮಾತಲ್ಲ. ತಿಪ್ಪವ್ವನನ್ನು ಕೇಳಿದರೆ, "ನನಗ ರೊಟ್ಟಿ ಬಡಿಯೋದ ಕೈತುಂಬ ಐತಿ, ಮಾರಿ ಬ್ಯಾರೆ ಬಡೀಬೇಕೇನು?" ಎಂದುಬಿಟ್ಟಳು. ಹೀಗಾಗಿ ದ್ಯಾಮಪ್ಪ ತನ್ನ ಮುಖವನ್ನು ತಾನೇ ತಿಕ್ಕಿಕೊಳ್ಳುವುದೆಂದು ಪಂಚಾಯಿತಿ ಮುಗಿಯಿತು.

ಒಂದು ಬೆಳಿಗ್ಗೆ ಪಾಠ ನಡೆಯಿತು. ಪಡಸಾಲೆಯಲ್ಲಿ ಕನ್ನಡಿ ಹಿಡಿದು ದ್ಯಾಮಪ್ಪ, ಒಳಬಾಗಿಲಲ್ಲಿ ಬೆರಳಿಂದ ತನ್ನ ಮುಖದ ಮೇಲೆಯೇ ತೋರಿಸುತ್ತ ಐಶ್ವರ್ಯಾ, ನಡುವೆ ತಿಪ್ಪವ್ವ. ಸೊಸೆಯ ಮಾತು ಮೂವರಿಗೂ ಕೇಳುತ್ತಿತ್ತು, ಆದರೂ ಅದು ಅತ್ತೆಯ ಮೂಲಕವೇ ಮಾವನಿಗೆ ಹೋಗಬೇಕು.

"ಅತ್ತಿ, ಮಾವಾರಿಗೆ ಹೇಳ್ರಿ, ಮಾರಿ ತೊಳಕೊಂಡು ಮೊದ್ಲ ನಾಲ್ಕ ಹನಿ ಕೊಬ್ಬರಿ ಎಣ್ಣಿ ಹಚ್ಚಬೇಕು. ಒಣ ಮಾರಿಗೆ ಕಲ್ಲ ಹಚ್ಚಬಾರದು."

"ಕೇಳಿದ್ರಿಲ್ಲೋ?" ಎಂದಳು ತಿಪ್ಪವ್ವ. "ನಾಲ್ಕ ಹನಿ. ಚಕ್ಕಡಿ ಅಚ್ಚಿಗೆ ಸುರುವಿದಂಗ ಸುರುವಬ್ಯಾಡ್ರಿ."

"ಕಲ್ಲು ನೆಟ್ಟಗ ನಿಲ್ಲಿಸಬಾರದು, ಮಾರಿ ಮ್ಯಾಲ ಮಲಗಿಸಿದಂಗ ಹಿಡೀಬೇಕು. ಗದ್ದದಿಂದ ಕಿವಿ ಕಡೆ. ಆಮ್ಯಾಲ ಮೂಗಿನ ಬಾಜೂದಿಂದ ಗಲ್ಲದ ಮ್ಯಾಲ ಹಾಯಿಸಿ ಮತ್ತ ಕಿವಿ ಕಡೆ. ಹಣಿ ಆದ್ರ ಹುಬ್ಬಿನಿಂದ ಮ್ಯಾಲಕ್ಕ. ಕಡೀಗೆ ಕುತಗಿ, ಮ್ಯಾಲಿಂದ ಕೆಳಗ."

"ಹೋಗೋ ದಾರಿ ಒಂದ ಕಡೀಗೇನು?" ಎಂದು ದ್ಯಾಮಪ್ಪ ಕನ್ನಡಿಯನ್ನೇ ಕೇಳಿದ.

"ಒಂದ ಕಡೀಗೆ ಅತ್ತಿ. ಹಿಂದ ಮುಂದ ತಿಕ್ಕಬಾರದು. ಹಗೂರಕ, ಬೆಕ್ಕಿನ ಮೈ ಸವರಿದಂಗ. ಮತ್ತ ಹಲ್ಲಿಗೆ ಹಲ್ಲ ತಾಗಬಾರದು, ನಾಲಿಗಿ ಅಂಗುಳಕ್ಕ ಹಚ್ಚಿ ಇಟಗೋಬೇಕು."

ದ್ಯಾಮಪ್ಪನಿಗೆ ಬೆಕ್ಕಿನ ವ್ಯಾಪಾರ ಗೊತ್ತಿರಲಿಲ್ಲ. ಅವನು ಸವರಿದ್ದೆಲ್ಲ ಎತ್ತಿನ ಮೈ, ಅದೂ ಸಂತೆಯ ಹಿಂದಿನ ದಿನ ಹೊಳೆಯಲ್ಲಿ ನಿಲ್ಲಿಸಿ ಕಲ್ಲಿನಿಂದ ಉಜ್ಜಿ. ಸರಕು ಹೊಳೆಯಬೇಕಾದರೆ ಕೈಗೆ ಜೋರು ಬೇಕು ಎಂದು ಬಲ್ಲವನು. ಸೊಸೆ ಒಳಗೆ ಹೋದದ್ದೇ ತಡ, ಕಲ್ಲನ್ನು ನೆಟ್ಟಗೆ ಹಿಡಿದು, ನೊಗ ತಾಗಿದ ಹೆಗಲು ತಿಕ್ಕುವ ಹಾಗೆ ತಿಕ್ಕಿಕೊಂಡ. ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಹೋದಾಗ ಎರಡೂ ಗಲ್ಲದ ಮೇಲೆ ಕೆಂಪು ಪಟ್ಟೆಗಳು. ಅಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿ, ತಿಪ್ಪವ್ವ ಆರಾಮಿದ್ದಾಳೇನು ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು.

ಪಟ್ಟೆ ಮಾಯುವವರೆಗೆ ಕಲ್ಲಿಗೆ ರಜೆ. ಆಮೇಲೆ ದ್ಯಾಮಪ್ಪ ಅಂಗಳದಲ್ಲಿ ಬಿಸಿಲು ಕಾಯುತ್ತಿದ್ದ ಬೆಕ್ಕನ್ನು ಯಾರೂ ಇಲ್ಲದಾಗ ಎರಡು ಸಲ ಸವರಿ ನೋಡಿ, ಕೈಯ ಭಾರ ಅಳೆದುಕೊಂಡು, ಮತ್ತೆ ಶುರುಮಾಡಿದ. ಈ ಸಲ ಕಲ್ಲು ಎಣ್ಣೆಯ ಮೇಲೆ ತಾನಾಗಿ ಜಾರಿತು. ಗದ್ದದಿಂದ ಕಿವಿಯವರೆಗೆ ತಂಪು. ಕಿವಿಯ ಕೆಳಗೆ ಗಂಟಿದ್ದಲ್ಲಿ ಕಲ್ಲು ತುಸು ನಿಂತು, ಅಲ್ಲಿ ಒಳಗೇನೋ ಬಿಚ್ಚಿದಂತಾಗಿ, ಅವನಿಗೆ ಆಕಳಿಕೆ ಬಂತು. ದಿನವೂ ಹೀಗೇ ನಡೆಯಿತು. ಜೋಳದ ರಾಶಿಯ ಹೊತ್ತಿಗೆ ದ್ಯಾಮಪ್ಪ ಖಡಕ್ ರೊಟ್ಟಿಯನ್ನು ಚಟ್ನಿಪುಡಿಯ ಜೊತೆ ಕಟಕಟನೆ ಕಡಿದು ತಿನ್ನುತ್ತಿದ್ದ.

ಆದರೆ ನೋವು ಹೋದ ಜಾಗಕ್ಕೆ ಹೆದರಿಕೆ ಬಂದು ಕೂತಿತು. ಕನ್ನಡಿಯಲ್ಲಿ ಕಾಣುವ ಮುಖ ಅವನದಾಗಿರಲಿಲ್ಲ. ಗಲ್ಲ ಇಳಿದು ಮೆತ್ತಗಾಗಿದೆ, ಹುಬ್ಬಿನ ನಡುವಿನ ಗೆರೆ ಮಾಸಿದೆ, ತುಟಿ ಯಾರೂ ಹೇಳದಿದ್ದರೂ ತುದಿಯಲ್ಲಿ ಮೇಲಕ್ಕೆದ್ದಿದೆ. ಲಕ್ಷ್ಮೇಶ್ವರದ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನೊಬ್ಬ ತನ್ನ ಭಾವಮೈದುನನ ಜಗಳವನ್ನೆಲ್ಲ ಬಿಡಿಸಿ ಹೇಳಿ, "ನಿಮ್ಮ ಮಾರಿ ನೋಡಿದ್ರ ಹೇಳಬೇಕನಿಸ್ತು ಯಜಮಾನ್ರ" ಎಂದ. ಇಷ್ಟು ವರ್ಷದಲ್ಲಿ ದ್ಯಾಮಪ್ಪನ ಪಕ್ಕ ಕೂತವರು ಕಿಟಕಿ ನೋಡುತ್ತಿದ್ದರು. ಕದ ತೆರೆದುಬಿಟ್ಟಿದೆ ಎಂದು ಅವನಿಗೆ ಖಾತ್ರಿಯಾಯಿತು. ಅಪರಿಚಿತ ಬಂದು ಒಳಗೆ ಕೂತುಹೋದನೆಂದರೆ, ಬಲ್ಲ ದಲ್ಲಾಳಿಗಳು ಕಪಾಟಿನ ಕೀಲಿಕೈಯನ್ನೇ ಎತ್ತಿಕೊಂಡು ಹೋದಾರು.

ಅಂಥ ಹೊತ್ತಿನಲ್ಲೇ ಹಿರೇವಡ್ಡಟ್ಟಿಯ ಮೂಕಪ್ಪ ತನ್ನ ಜೋಡೆತ್ತು ಮಾರಿಕೊಡಲು ಹೇಳಿಕಳಿಸಿದ. ಮನೆಗೆ ಟ್ರ್ಯಾಕ್ಟರು ಬಂದಿತ್ತು, ಎತ್ತು ಮೇಯಿಸುವವರಿರಲಿಲ್ಲ. ಬೆಳ್ಳಗೆ, ಎದೆ ತುಂಬಿದ ಜೋಡಿ. ಒಂದು ಕುತ್ತಿಗೆ ತಿರುಗಿಸಿದರೆ ಇನ್ನೊಂದೂ ತಿರುಗಿಸಬೇಕು. ಮೂಕಪ್ಪ ತನ್ನ ಕಡೆಯ ಬೆಲೆ ತಿಳಿಸಿ ಹೇಳಿದ್ದಿಷ್ಟೆ: "ಮಕ್ಕಳಂಗ ಸಾಕೀನಿ ದ್ಯಾಮಣ್ಣಾರ. ಕಡಿಮಿ ಬೆಲಿಗೆ ಹೋದ್ರ ಅವಕ್ಕ ಅವಮಾನ ಆಗತೈತಿ." ಎತ್ತಿಗಾಗುವ ಅವಮಾನ ದಲ್ಲಾಳಿಯ ಹೆಸರಿಗೂ ಅಂಟುತ್ತದೆ ಎನ್ನುವುದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಈ ಜೋಡಿ ಸೋತರೆ ಮುಂದೆ ಯಾರೂ ತನ್ನ ಟವೆಲಿನೊಳಗೆ ಕೈ ಇಡುವುದಿಲ್ಲ ಎಂದು ದ್ಯಾಮಪ್ಪನೂ ಲೆಕ್ಕ ಹಾಕಿದ್ದ.

ಮುಂಡರಗಿ ಸಂತೆಯ ದಿನ ಅವನು ಕಲ್ಲು ಮುಟ್ಟಲಿಲ್ಲ. ಬಸ್ಸಿನ ಕಿಟಕಿಯ ಗಾಜು ನೋಡುತ್ತ ದಾರಿಯುದ್ದಕ್ಕೂ ಹಳೆಯ ಮುಖ ಹಾಕಿಕೊಳ್ಳಲು ನೋಡಿದ. ಹಲ್ಲು ಕಚ್ಚಿದ ಕೂಡಲೇ ಹಳೆಯ ನೋವು ಕಿವಿಯ ಕೆಳಗೆ ಇಣುಕಿತು. ಬಿಟ್ಟ. ಬಿಟ್ಟ ಕೂಡಲೇ ತುಟಿ ಮತ್ತೆ ಮೇಲೆದ್ದಿತು.

ಎತ್ತು ಕೇಳಿ ಬಂದವನು ಸಿಂಗಟಾಲೂರಿನ ವೀರು. ಬಂಡಿ ಓಟದ ಹುಚ್ಚಿನ, ಕೈತುಂಬ ಹೊಲವಿರುವ ಹುಡುಗ. ಅವನ ಕಡೆಯ ದಲ್ಲಾಳಿ ಸಕ್ರಪ್ಪ. ಸಕ್ರಪ್ಪನೂ ದ್ಯಾಮಪ್ಪನೂ ಒಂದೇ ಟವೆಲಿನಡಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಇಬ್ಬರೂ ಎತ್ತಿನ ಸುತ್ತ ಒಂದು ಸುತ್ತು ಬಂದು, ಹಲ್ಲು ನೋಡಿ, ಕಾಲ್ಗೊರಸು ನೋಡಿ, ಎದುರುಬದುರು ನಿಂತರು. ಟವೆಲು ಬಿತ್ತು.

ಸಕ್ರಪ್ಪ ಅದುಮಿದ. ದ್ಯಾಮಪ್ಪ ಬೆರಳು ಬಿಡಿಸಿಕೊಂಡು ಏರಿಸಿದ. ಸಕ್ರಪ್ಪ ತುಸು ಏರಿ ಮತ್ತೆ ಅದುಮಿ, ಎಂದಿನಂತೆ ದ್ಯಾಮಪ್ಪನ ಮುಖ ನೋಡಿದ. ದ್ಯಾಮಪ್ಪನಿಗೆ ಹಲ್ಲು ಕಚ್ಚಬೇಕೆನಿಸಿತು, ದವಡೆ ಒಪ್ಪಲಿಲ್ಲ. ಆದದ್ದಾಗಲಿ ಎಂದು ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ನಿಂತ. ಸಕ್ರಪ್ಪ ಇನ್ನೂ ನೋಡುತ್ತಿದ್ದ, ಕಣ್ಣಿನಿಂದ ಕಿವಿಗೆ, ಕಿವಿಯಿಂದ ಗಲ್ಲಕ್ಕೆ, ಕತ್ತಲಲ್ಲಿ ಸ್ವಿಚ್ಚು ಹುಡುಕುವವನಂತೆ. ಮತ್ತೆ ಏರಿದ. ಮೂಕಪ್ಪ ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂದಿದ್ದ ಬೆಲೆ ಅಲ್ಲೇ ಮುಟ್ಟಿತು. ದ್ಯಾಮಪ್ಪ ಹೂಂ ಎನ್ನಬೇಕೆಂದುಕೊಳ್ಳುವಷ್ಟರಲ್ಲಿ ಸಕ್ರಪ್ಪ ಗಾಬರಿಯಿಂದ ಇನ್ನೊಂದು ಬೆರಳು ಹಿಡಿದ. ದ್ಯಾಮಪ್ಪ ಸುಮ್ಮನೆ ನಿಂತ. ಸಕ್ರಪ್ಪ ಮತ್ತೂ ಒಂದು ಹಿಡಿದ.

"ಕೊಟ್ಟೆ" ಎಂದ ದ್ಯಾಮಪ್ಪ. ಧ್ವನಿ ಮಾತ್ರ ತುಸು ಒಡೆದಿತ್ತು.

ಎತ್ತುಗಳ ಹಗ್ಗ ಕೈ ಬದಲಾಯಿತು. ವೀರು ಖುಷಿಯಲ್ಲಿದ್ದ, ಮೂಕಪ್ಪ ಎತ್ತಿನ ಬೆನ್ನಿನ ಮೇಲೆ ಕೈ ಇಟ್ಟು ನಿಂತಿದ್ದ. ಸಕ್ರಪ್ಪ ಒಬ್ಬನೇ ಬೆವರುತ್ತ ಸಂತೆಯ ಮೂಲೆಯ ಮೋತಿಬಿಯ ಚಹಾದಂಗಡಿಯ ಬೆಂಚಿಗೆ ಬಂದು ಕೂತ. ದ್ಯಾಮಪ್ಪ ಹಿಂದೆಯೇ ಬಂದ.

"ದ್ಯಾಮಣ್ಣ, ಮಾರಿಗೆ ಏನ್ ಮಾಡ್ಕೊಂಡಿ?"

"ಏನಾಗೈತಿ ಮಾರಿಗೆ?"

"ನಿನ್ನ ಗಂಟ ಎಲ್ಲಿ ಹೋತು?" ಸಕ್ರಪ್ಪ ತನ್ನ ಕಿವಿಯ ಕೆಳಗೆ ತೋರಿಸಿದ. "ಇಲ್ಲೊಂದು ಗಂಟು ಏಳತಿತ್ತಲಾ. ನಿನ್ನ ಕಡೀ ಬೆಲಿ ಬಂತಂದ್ರ ಹಲ್ಲ ಇನ್ನಷ್ಟ ಬಿಗೀತಿದ್ದಿ, ಅದು ಲಿಂಬಿಹಣ್ಣಿನಂಗ ಪುಟ್ಟಂತ ಏಳೋದು. ಅದು ಎದ್ದಕೂಡ್ಲೆ ನಾ ನಿಂದ್ರಸ್ತಿದ್ದೆ. ಇವತ್ತ ಏಳವಲ್ದು, ಏಳವಲ್ದು, ನಾ ಏರ್ಕೊಂತ ಹ್ವಾದೆ."

ದ್ಯಾಮಪ್ಪ ತನ್ನ ಕಿವಿಯ ಕೆಳಗೆ ಮುಟ್ಟಿ ನೋಡಿಕೊಂಡ. ಆಮೇಲೆ, "ಲೇ ಸಕ್ರ್ಯಾ, ಇದು ನಿನಗೊಬ್ಬಗ ಗೊತ್ತೇನು?" ಎಂದ.

ಸಕ್ರಪ್ಪ ಒಲೆಯ ಕಡೆ ನೋಡಿದ. ಮೋತಿಬಿ ಚಹಾ ಸೋಸುವ ಸಾಣಿಗೆ ಜಾಡಿಸುತ್ತ, "ನನಗ್ಯಾಕ ಕೇಳ್ತೀರ್ರಿ? ನಿಮ್ಮ ಗಂಟ ಎದ್ದಮ್ಯಾಲ ನಾ ಚಾಕ್ಕ ಇಡ್ತಿದ್ದೆ. ಯವಾರ ಮುಗದು ನೀವು ಬರೂದ್ರಾಗ ಕುದೀತಿತ್ತು. ಇವತ್ತ ಅದಕ್ಕ ತಡ ಆಗೈತಿ, ಕುಂಡ್ರಿ" ಎಂದಳು.

ಹೀಗಾಗಿ ಚಹಾ ಬರುವವರೆಗೆ ದ್ಯಾಮಪ್ಪನಿಗೆ ಯೋಚಿಸಲು ವೇಳೆ ಸಿಕ್ಕಿತು. ಕದ ಹಾಕಿದ ಅಂಗಡಿ ಎಂದುಕೊಂಡದ್ದರ ಮೇಲೆ ಇಷ್ಟು ದೊಡ್ಡ ಬೋರ್ಡು ತೂಗಿತ್ತು, ಚಹಾ ಮಾರುವವಳು ಕೂಡ ಓದಿಕೊಂಡಿದ್ದಳು. ಓದದವನು ಮಾಲಕನೊಬ್ಬನೇ. ಎಷ್ಟು ಜೋಡಿ ಎತ್ತು ತನ್ನ ದವಡೆಯಿಂದ ಕಡಿಮೆ ಬೆಲೆಗೆ ಹೋದವೋ ಎಂದು ನೆನೆದು ಅವನಿಗೆ ಕಸಿವಿಸಿಯಾಯಿತು. ಈ ದಿನದ ಬೆಲೆ ನೆನೆದು ನಗು ಬಂತು. ನಗು ಬಂದದ್ದು ಹೊರಗೆ ಕಂಡಿತೇನೋ ಎಂದು ಸಕ್ರಪ್ಪನನ್ನು ನೋಡಿದ. ಸಕ್ರಪ್ಪನೂ ಅವನನ್ನೇ ನೋಡುತ್ತಿದ್ದ, ಏನೂ ತಿಳಿಯದೆ. ಯಾವಾಗಲೂ ತುಸು ನಗುವ ಮುಖದಲ್ಲಿ ನಿಜವಾದ ನಗು ಯಾವುದೆಂದು ಯಾರು ಹೇಳಬೇಕು.

"ಎಣ್ಣಿ ಪಣ್ಣಿ ಏನರ ಹಚ್ಚತಿಯೇನು?" ಎಂದ ಸಕ್ರಪ್ಪ.

"ವಯಸ್ಸಾತಲೇ, ಇಳದೈತಿ" ಎಂದು ದ್ಯಾಮಪ್ಪ ಬಸಿಯಲ್ಲಿ ಚಹಾ ಸುರಿದುಕೊಂಡ.

ಸಂಜೆ ಮನೆಗೆ ಬಂದವನು ಕಾಲು ತೊಳೆದು, ಹೆಂಡತಿಗೆ ಎಲ್ಲವನ್ನೂ ಹೇಳಿದ. ತಿಪ್ಪವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಿನಗೂ ಗೊತ್ತಿತ್ತೇನು?"

"ಮದುವ್ಯಾದ ವರ್ಷನ ಗೊತ್ತಾಗಿತ್ತು. ಏನರ ಕೇಳಬೇಕಂದ್ರ ಮೊದ್ಲ ಗಂಟ ನೋಡ್ತಿದ್ದೆ. ಎದ್ದಿದ್ರ ಸುಮ್ಮನ ತಾಟ ಇಡ್ತಿದ್ದೆ, ಇಲ್ಲಂದ್ರ ಕೇಳ್ತಿದ್ದೆ." ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಈಗ ನೋಡಿದ್ರ ನಿಮ್ಮ ಮಾರಿ ಮ್ಯಾಲ ಏನೂ ಇಲ್ಲ. ದೀಪಾವಳಿ ಮುಗದಾಗಿಂದ ಒಂದ ಮಾತ ಕೇಳಬೇಕಂತ ಮಾಡೀನಿ, ಯಾವಾಗ ಕೇಳಬೇಕು ತಿಳೀವಲ್ದು."

"ಈಗ ಕೇಳು."

"ನನ್ನ ತಂಗಿ ಗದಿಗೆವ್ವ ಲಕ್ಷ್ಮೇಶ್ವರಕ್ಕ ಕರದಾಳ. ಹೊಸ ಮನಿ ಕಟ್ಟ್ಯಾರ. ಒಂದ ತಿಂಗಳ ಇದ್ದು ಬರ್ತೀನಿ."

ದ್ಯಾಮಪ್ಪನ ಹಲ್ಲುಗಳು ಹಳೆಯ ರೂಢಿಯಿಂದ ಒಂದಕ್ಕೊಂದು ಹತ್ತಿರ ಬಂದವು. ಇಷ್ಟು ವರ್ಷ ಅಷ್ಟೇ ಸಾಕಾಗಿತ್ತು. ಅವಳು ಕಿವಿಯ ಕೆಳಗೆ ನೋಡಿ, ಮಾತು ಬದಲಿಸಿ, ಉಪ್ಪಿನಕಾಯಿ ತರಲು ಏಳುತ್ತಿದ್ದಳು. ಈಗಲೂ ಅವಳು ಅಲ್ಲಿಯೇ ನೋಡುತ್ತಿದ್ದಳು. ಅಲ್ಲಿ ಏನೂ ಏಳಲಿಲ್ಲ. ಬೇಕೆಂದರೂ ಬೇಡವೆಂದರೂ ಇನ್ನು ಬಾಯಿಂದಲೇ ಹೇಳಬೇಕಾಗಿತ್ತು, ಆ ಕೆಲಸದಲ್ಲಿ ಅವನಿಗೆ ರೂಢಿ ಕಡಿಮೆ.

"ಹೋಗು" ಎಂದ. ಸ್ವಲ್ಪ ತಡೆದು, "ತಿಂಗಳ ಜಾಸ್ತಿ ಆತು. ನೀ ಇಲ್ಲದ ಮನ್ಯಾಗ ನನಗ ಬ್ಯಾಸರ ಆಗತೈತಿ" ಎಂದ.

ತಿಪ್ಪವ್ವ ಹಂಚಿನ ಮೇಲಿನ ರೊಟ್ಟಿ ತಿರುವುವುದನ್ನು ಮರೆತಳು. ಒಳಕೋಣೆಯಲ್ಲಿ ಐಶ್ವರ್ಯಾ ಕೆಮ್ಮಿದಳು, ಇಲ್ಲವೆ ನಗು ತಡೆದಳು.

"ಹದಿನೈದ ದಿನ" ಎಂದಳು ತಿಪ್ಪವ್ವ.

"ಎಂಟು."

"ರೊಟ್ಟಿ ಹೊತ್ತಿತು, ನಿಮ್ಮ ಸಲವಾಗಿ" ಎಂದು ಬೈದು, ಅದನ್ನೇ ಅವನ ತಾಟಿಗೆ ಹಾಕಿದಳು. "ಹನ್ನೆರಡ ಅಂದ್ರ ಹನ್ನೆರಡ. ಉಣ್ರಿ ಈಗ."