ತಾರೀಖಮ್ಮನ ಟವೆಲ್

ನನ್ನ ತಂಗಿಯ ಸಿಟ್ಟಿನಿಂದ ಹುಟ್ಟಿದ ಒಂದು ಕ್ಯಾಲೆಂಡರ್ ಇದೆ. ಗೋಡೆಗೆ ತೂಗುಹಾಕುವಂಥದ್ದಲ್ಲ. ವೆಬ್ ಪುಟದಲ್ಲಿ ಬಸ್ಸಿನ ಸೀಟು ಕಾದಿರಿಸುವಾಗಲೋ ಡಾಕ್ಟರ ಭೇಟಿ ಗೊತ್ತುಮಾಡುವಾಗಲೋ ತಾರೀಖಿನ ಜಾಗವನ್ನು ಒತ್ತಿದೊಡನೆ ಇಡೀ ತಿಂಗಳು ಪುಟ್ಟ ಪುಟ್ಟ ಮನೆಗಳಾಗಿ ತೆರೆದುಕೊಳ್ಳುತ್ತದಲ್ಲ, ಅದು. ಅದರ ಕೋಡ್ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಮ್ಮ ಪುಟಕ್ಕೆ ಸಿಕ್ಕಿಸಿಕೊಳ್ಳಬಹುದು. ಹಾಗೆ ಸಿಕ್ಕಿಸುವ ತುಣುಕಿಗೆ ಪ್ಲಗಿನ್ ಎನ್ನುತ್ತಾರೆ. ಹನ್ನೊಂದು ವರ್ಷದಿಂದ ಅವಳು ಅದನ್ನು ಸಾಕುತ್ತಿದ್ದಾಳೆ. ಸಂಬಳವಿಲ್ಲ, ಬೈಗುಳ ಮಾತ್ರ ಧಾರಾಳ.

ನಾನು ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಹುಟ್ಟಿನಿಂದ ಕಣ್ಣು ಕಾಣದು. ಇದನ್ನು ಹೇಳಿದ ಕೂಡಲೇ ಕೆಲವರ ದನಿ ಮೆತ್ತಗಾಗುತ್ತದೆ. ದಯವಿಟ್ಟು ಬೇಡ, ನನಗೆ ಮೈಯುರಿಯುತ್ತದೆ. ನನ್ನ ಕಂಪ್ಯೂಟರ್ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ನಾನು ಕೀಲಿಮಣೆಯಲ್ಲಿ ಉತ್ತರ ಕೊಡುತ್ತೇನೆ. ಅಷ್ಟರಿಂದಲೇ ನನ್ನ ಬದುಕು ಸಲೀಸಾಗಿ ನಡೆದಿದೆ.

ತಂಗಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಹನ್ನೊಂದು ವರ್ಷದ ಹಿಂದೆ ಆ ಕ್ಲಿನಿಕ್ ಹೊಸದಾಗಿ ವೆಬ್ ಪುಟ ಮಾಡಿಸಿತು. ನನ್ನ ದವಡೆ ಹಲ್ಲು ನೋಯುತ್ತಿತ್ತು. ನಾನೇ ತಾರೀಖು ಹಿಡಿಯೋಣವೆಂದು ಕೂತರೆ ಕಂಪ್ಯೂಟರ್ ಹೇಳಿತು: ‘ಬಟನ್. ಬಟನ್. ಬಟನ್.’ ಮೂವತ್ತೊಂದು ಸಲ. ಯಾವುದು ಸೋಮವಾರ, ಯಾವುದು ಖಾಲಿ, ದೇವರೇ ಬಲ್ಲ. ಸೋತು ತಂಗಿಗೆ ಫೋನ್ ಮಾಡಿದೆ.

“ನೀನೇ ಒಂದು ತಾರೀಖು ಹಾಕಿಬಿಡೇ.”

“ಯಾಕೆ, ಪುಟದಲ್ಲಿ ಆಗಲ್ವಾ?”

“ನಿಮ್ಮ ಪುಟಕ್ಕೆ ನನ್ನ ಹತ್ರ ಮಾತಾಡೋಕೆ ಇಷ್ಟ ಇಲ್ವಂತೆ.”

ಅವಳಿಗೆ ಮೂಗಿನ ತುದಿಯಲ್ಲೇ ಕೋಪ. ಆ ವಾರವೇ ಕೋಡ್ ಬರೆಯುವ ಪಾಠಗಳನ್ನು ಹಿಡಿದು ಕೂತಳು. ಏಳು ತಿಂಗಳು ತಲೆ ಚಚ್ಚಿಕೊಂಡು ತನ್ನದೇ ಕ್ಯಾಲೆಂಡರ್ ಬರೆದಳು. ಅಷ್ಟರಲ್ಲಿ ನನ್ನ ಹಲ್ಲು ಕಿತ್ತಾಗಿತ್ತು, ಆ ಮಾತು ಬೇರೆ. ಬಾಣದ ಗುರುತಿನ ಕೀಲಿ ಒತ್ತಿದರೆ ಅದು ‘ಗುರುವಾರ, ಹದಿನಾಲ್ಕು, ಖಾಲಿ ಇದೆ’ ಎಂದಿತು. ಮೊದಲ ಸಲ ಕೇಳಿದಾಗ ನಾನು ಸುಮ್ಮನೆ ತಿಂಗಳು ತಿಂಗಳು ಓಡಾಡಿದೆ, ಬೇಕಿಲ್ಲದ ವರ್ಷಗಳಿಗೂ ಹೋಗಿಬಂದೆ. ಖುಷಿಗೆ ಅಳು ಬಂತು. ಹೇಳಲು ನಾಚಿಕೆಯೇನಿಲ್ಲ.

ಅದು ಊರೂರು ಸುತ್ತಿ ಸಾವಿರಾರು ಪುಟಗಳಿಗೆ ಹೋಯಿತು. ನಮ್ಮ ಟೆಲಿಫೋನ್ ರೂಮಿನವರು ಅವಳಿಗೆ ತಾರೀಖಮ್ಮ ಎಂದು ಹೆಸರಿಟ್ಟರು. ದಿನಾ ಬೆಳಗ್ಗೆ ಕ್ಲಿನಿಕ್ಕಿಗೆ ಹೋಗುವ ಮುಂಚೆ ಅಡುಗೆಮನೆಯ ಮೇಜಿನಲ್ಲಿ ಕೂತು ದೂರುಗಳನ್ನು ಓದುತ್ತಾಳೆ. ವಾರ ಭಾನುವಾರ ಯಾಕೆ ಶುರುವಾಗುತ್ತದೆ ಎಂದು ಒಬ್ಬ, ಸೋಮವಾರ ಯಾಕೆ ಎಂದು ಇನ್ನೊಬ್ಬ. ‘ಇವತ್ತು ಸಂಜೆಯೊಳಗೆ ಸರಿಮಾಡಿ’ ಎಂದು ಅಪ್ಪಣೆ ಕೊಡುವವರಿಗಂತೂ ಲೆಕ್ಕವಿಲ್ಲ. ಅಂಥವರಿಗೆ ಅವಳು ಸೊಪ್ಪು ಹಾಕುವುದಿಲ್ಲ.

ಅವಳದೊಂದು ಪದ್ಧತಿ ಇದೆ. ಹೊಸ ಆವೃತ್ತಿ ಹೊರಬಿಡುವ ಮುಂಚೆ ಸ್ನಾನದ ಟವೆಲನ್ನು ಪರದೆಯ ಮೇಲೆ ಹೊದಿಸುತ್ತಾಳೆ, ಮೌಸನ್ನು ಚಮಚಗಳ ಡ್ರಾಯರಿಗೆ ತಳ್ಳುತ್ತಾಳೆ, ಬರೀ ಕಿವಿಯಿಂದ ಮೂರು ತಾರೀಖು ಹಿಡಿಯುತ್ತಾಳೆ. ಒಂದು ತಪ್ಪಿದರೂ ಹೊರಬಿಡುವುದಿಲ್ಲ.

ಈ ಕೋಡಿನವರ ಲೋಕದಲ್ಲಿ ತಿಂಗಳ ಎಣಿಕೆ ಸೊನ್ನೆಯಿಂದ ಶುರು. ಜನವರಿ ಎಂದರೆ ಸೊನ್ನೆ, ಫೆಬ್ರವರಿ ಒಂದು. ಅದು ಅವಳ ತಲೆಗೆ ಎಷ್ಟು ಹತ್ತಿತೆಂದರೆ, ಒಮ್ಮೆ ಜೂನ್ ತಿಂಗಳಲ್ಲಿ ರಜೆಯ ಅರ್ಜಿ ಬರೆದು ತಿಂಗಳ ಜಾಗದಲ್ಲಿ ಐದು ಎಂದು ಹಾಕಿಕೊಟ್ಟಳು. ಡಾಕ್ಟರು ಕನ್ನಡಕ ಏರಿಸಿ, “ಹೋದ ತಿಂಗಳು ಇಪ್ಪತ್ತಕ್ಕೆ ರಜೆ ಬೇಕಾ? ಅವತ್ತು ನೀನು ಬಂದು ಕೆಲಸ ಮಾಡಿದ್ಯಲ್ಲಮ್ಮಾ!” ಎಂದರಂತೆ. ಮನೆಯಲ್ಲಿ ಇದನ್ನು ವರ್ಷಗಟ್ಟಲೆ ಆಡಿಕೊಂಡೆವು.

ಹೋದ ವರ್ಷ ಟಿಕೆಟ್ ಮಾರುವ ದೊಡ್ಡ ಕಂಪನಿಯೊಂದು ಅವಳ ಬೆನ್ನು ಹತ್ತಿತು. ಅವರ ಮನುಷ್ಯ ಒಂದು ಭಾನುವಾರ ಬೆಳಗ್ಗೆ ಫೋನ್ ಮಾಡಿದ. ತಂಗಿ ಸ್ಪೀಕರ್ ಹಾಕಿದಳು. ನಾನು ಎದುರಿಗೇ ಕಾಫಿ ಕುಡಿಯುತ್ತಿದ್ದೆ. ಎಂಥಾ ದನಿ! ಬೆಣ್ಣೆ ಹಚ್ಚಿ ಹಚ್ಚಿ ಮಾತಾಡಿದ. ಪ್ಲಗಿನ್ನಿನ ಕೀಲಿಯನ್ನು, ಅಂದರೆ ಹೊಸ ಆವೃತ್ತಿ ಹೊರಬಿಡುವ ಅಧಿಕಾರವನ್ನು ತಮಗೆ ಕೊಟ್ಟುಬಿಡಬೇಕು, ತಮ್ಮ ನಾಲ್ಕು ಜನ ನೋಡಿಕೊಳ್ಳುತ್ತಾರೆ, ಅವಳ ಹೆಸರು ಹಾಗೇ ಇರುತ್ತದೆ.

“ಒಂದೇ ಒಂದು ಬದಲಾವಣೆ ಮೇಡಂ. ಆ ಮಾತಾಡೋ ಭಾಗ ತೆಗೀತೀವಿ. ಪುಟ ತೆರೆಯೋದು ನಿಧಾನ ಆಗ್ತಿದೆ. ಅಂಥವರು ಎಷ್ಟು ಜನ ಇದ್ದಾರೆ ಹೇಳಿ? ಅಂಥವರ ಮನೇಲಿ ಯಾರಾದ್ರೂ ಇದ್ದೇ ಇರ್ತಾರೆ, ಟಿಕೆಟ್ ಮಾಡ್ಕೊಡ್ತಾರೆ.”

ಕಾಫಿ ಲೋಟ ಕೆಳಗಿಟ್ಟೆ. ತಂಗಿ ಹೇಳಿದಳು, “ಸರ್, ನಿಮ್ಮ ಪರದೆ ಮೇಲೆ ಒಂದು ಟವೆಲ್ ಹಾಕಿ. ಆ ಭಾಗ ತೆಗೆದು ಒಂದು ತಾರೀಖು ಹಿಡೀರಿ. ಹಿಡಿದ್ರೆ ಕೀಲಿ ನಿಮ್ದೇ.”

ಅವನು ನಕ್ಕ. ಒಬ್ಬನೇ ನಕ್ಕ. ಆಮೇಲೆ ದನಿಯಿಂದ ಬೆಣ್ಣೆ ಮಾಯವಾಯಿತು. “ನೀವು ಕೊಡದಿದ್ರೂ ನಕಲು ತಗೋಬಹುದು ಮೇಡಂ. ನೀವೇ ಎಲ್ಲರಿಗೂ ಬಿಟ್ಟಿದ್ದೀರಿ.”

“ತಗೊಳ್ಳಿ, ಅದಕ್ಕೇ ಬಿಟ್ಟಿರೋದು. ಆದ್ರೆ ನನ್ನದನ್ನ ಮೂಕ ಮಾಡೋಕೆ ನನ್ನ ಕೈಯಿಂದ ಕೀಲಿ ಸಿಗಲ್ಲ.” ಫೋನಿಟ್ಟಳು.

ನನಗೆ ಪಾಪಪ್ರಜ್ಞೆ. ಅವಳ ಮಣಿಕಟ್ಟು ನೋಯುತ್ತದೆ, ಪಟ್ಟಿ ಕಟ್ಟಿಕೊಂಡೇ ಬೆರಳಾಡಿಸುತ್ತಾಳೆ. “ಕೊಟ್ಟುಬಿಡೇ,” ಎಂದೆ. “ನನಗೋಸ್ಕರ ಎಷ್ಟು ದಿನ ಅಂತ ಒದ್ದಾಡ್ತೀಯ? ಟಿಕೆಟ್ ನೀನೇ ಮಾಡ್ಕೊಡು, ಆಯ್ತು.”

ಅವಳು ಮೇಜು ಗುದ್ದಿದಳು. ಲೋಟ ಹಾರಿತು. “ನಿನಗೋಸ್ಕರ ಅಂತ ಯಾರು ಹೇಳಿದ್ದೋ? ನೀನೇನು ದೊಡ್ಡ ಮಹಾರಾಜನಾ? ನಾನು ಅರ್ಧಂಬರ್ಧ ಕೆಲಸ ಮಾಡಲ್ಲ, ಅಷ್ಟೇ! ಇನ್ನೊಂದು ಸಲ ಕೊಟ್ಟುಬಿಡು ಅಂದ್ರೆ ನಿನ್ನ ಕಾಫಿಗೆ ಉಪ್ಪು ಹಾಕ್ತೀನಿ.”

ಕಂಪನಿ ನಕಲು ತೆಗೆದುಕೊಂಡಿತು, ಮಾತು ಕಿತ್ತುಹಾಕಿತು, ಹೊಸ ಹೆಸರಿಟ್ಟಿತು. ಒಂದೊಂದೇ ಪುಟ ಆ ಕಡೆ ಹಾರಿತು. ನಾನು ಅಲ್ಲಿ ಬಸ್ಸಿನ ಸೀಟಿಗೆ ಹೋದರೆ ಮತ್ತೆ ಅದೇ: ಬಟನ್, ಬಟನ್, ಬಟನ್. ತಂಗಿಯನ್ನು ಕೇಳಲಿಲ್ಲ. ನಿಲ್ದಾಣಕ್ಕೇ ಹೋಗಿ, ಸಾಲಿನಲ್ಲಿ ನಿಂತು, ಕಿಟಕಿಯವನಿಗೆ ಯಾಕೆ ಬಂದೆನೆಂದು ಇಡೀ ಸಾಲಿಗೆ ಕೇಳುವಂತೆ ಹೇಳಿದೆ. ಈಗಲೂ ಪ್ರತಿ ಸಲ ಹೇಳುತ್ತೇನೆ.

ತಂಗಿ ಬಗ್ಗಲಿಲ್ಲ. ಎರಡು ತಿಂಗಳು ಹಲ್ಲು ಕಚ್ಚಿ ಕೂತು ತನ್ನ ಕ್ಯಾಲೆಂಡರನ್ನು ಅವರ ನಕಲಿಗಿಂತ ಹಗುರ ಮಾಡಿದಳು, ಒಂದು ಮಾತನ್ನೂ ಕಡಿಮೆ ಮಾಡದೆ. ಜುಲೈ ತಿಂಗಳ ಒಂದು ಬೆಳಗ್ಗೆ ನನ್ನನ್ನು ಮೇಜಿಗೆ ಕರೆದಳು.

“ಕೂತ್ಕೋ. ಇವತ್ತಿಂದ ಕೀಲಿ ಎರಡು. ಒಂದು ನನ್ನದು, ಒಂದು ನಿನ್ನದು. ನೀನು ಹೂಂ ಅನ್ನದೆ ಯಾವ ಆವೃತ್ತಿಯೂ ಹೊರಗೆ ಹೋಗಲ್ಲ. ನಾಳೆ ನನ್ನ ತಲೆ ಕೆಟ್ಟು ನಾನೇ ಮಾತು ತೆಗೆದ್ರೂ ಹೋಗಲ್ಲ.”

“ನನಗೆ ಕೋಡ್ ಬರಲ್ವಲ್ಲೇ.”

“ಕಿವಿ ಇದ್ಯಲ್ಲ. ನಾನು ಆಗಲೇ ಟವೆಲ್ ಹಾಕಿ ನೋಡಿದ್ದೀನಿ, ಮೂರೂ ಸರಿ ಬಂತು. ಸುಮ್ನೆ ಹೂಂ ಅನ್ನು, ಕ್ಲಿನಿಕ್ಕಿಗೆ ಹೊತ್ತಾಯ್ತು.”

ಸುಮ್ಮನೆ ಹೂಂ ಅನ್ನುವ ಜಾತಿ ನಮ್ಮದಲ್ಲ. ಕೀಲಿಮಣೆ ಎಳೆದುಕೊಂಡು ಇವತ್ತಿನ ತಾರೀಖನ್ನು ಒತ್ತಿದೆ. ಅದು ಸ್ಪಷ್ಟವಾಗಿ ಹೇಳಿತು: ‘ಇಂದು, ಜೂನ್ ಒಂಬತ್ತು.’

“ಇದು ಯಾವ ತಿಂಗಳೇ?”

“ಜುಲೈ.” ಅವಳು ಪರದೆಗೆ ಬಗ್ಗಿದಳು. “ಜುಲೈ ಅಂತಾನೇ ಇದ್ಯಲ್ಲ.”

“ನಿನಗೆ ತೋರಿಸೋದು ಜುಲೈ. ನನಗೆ ಹೇಳೋದು ಜೂನ್.”

ಅವಳು ತಾನೇ ಇನ್ನೊಮ್ಮೆ ಒತ್ತಿ ಕೇಳಿದಳು. ಹಗುರ ಮಾಡುವ ಭರದಲ್ಲಿ ಮಾತಿನ ಭಾಗದಲ್ಲಿ ಅದೇ ಹಳೆಯ ಸೊನ್ನೆ ನುಸುಳಿತ್ತು. ಟವೆಲ್ ಹೊದಿಸಿ ಹನ್ನೊಂದು, ಹದಿನೇಳು, ಇಪ್ಪತ್ತು ಹಿಡಿದವಳು ತಿಂಗಳ ಹೆಸರಿಗೆ ಕಿವಿಗೊಟ್ಟಿರಲಿಲ್ಲ. ತಿಂಗಳನ್ನು ಅವಳ ಕಣ್ಣು ಮೊದಲೇ ನೋಡಿಬಿಟ್ಟಿತ್ತು.

ಪರದೆಯ ಮೇಲೆ ಎರಡು ಗುಂಡಿಗಳಿದ್ದವು. ಒಂದನ್ನು ಕಂಪ್ಯೂಟರ್ ‘ಒಪ್ಪಿಗೆ’ ಎಂದು ಓದಿತು, ಇನ್ನೊಂದನ್ನು ‘ನಿರಾಕರಣೆ’ ಎಂದು. ನಾನು ಎರಡನೆಯದಕ್ಕೆ ಹೋದೆ.

“ಮೊದಲ ದಿನಾನೇನೋ?” ಎಂದಳು ತಂಗಿ. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ದನಿಯಲ್ಲಿ ಎರಡೂ ಇತ್ತು.

“ಮೊದಲ ದಿನಾನೇ,” ಎಂದು ಒತ್ತಿದೆ.